ಡಾಕ್ಟರ ಮನೆಯಲ್ಲಿ ಹಾಲು ಉಕ್ಕಿಸಿದ್ದು

ಆ ಶುಕ್ರವಾರವೂ ಎಂದಿನಂತೆ ಎದ್ದು ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಯಜಮಾನರ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಮುಚ್ಚಳ ಹಾಕಿದ ಮೇಲೆ ನೆನಪಾಯಿತು: ಇವತ್ತು ಅವರಿಗೆ ಸೌತ್‌ಫೀಲ್ಡಿನ ಆಫೀಸಿಲ್ಲ, ಇವತ್ತು ನಮ್ಮ ಗೃಹಪ್ರವೇಶ! ಒಬ್ಬಳೇ ನಕ್ಕು, ಡಬ್ಬಿಯನ್ನು ದೇವರ ಫೋಟೋದ ಜೊತೆಗೇ ಬುಟ್ಟಿಗೆ ಸೇರಿಸಿದೆ.

ಹೊಸ ಮನೆ ಎಂದರೆ ನಮಗೆ ಮಾತ್ರ ಹೊಸದು. ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್ಲಿನ ಅಂಚಿನಲ್ಲಿರುವ ಅದು ಒಂದು ಕಾಲದ ದೊಡ್ಡ ಎಸ್ಟೇಟು. ಬೇಲಿಯಾಚೆ ಪಕ್ಕದ ಮನೆಯಲ್ಲಿರುವ ಅಮೆರಿಕನ್ ಅಜ್ಜಿ ಹುಟ್ಟಿದ್ದು ಆ ಮನೆಯಲ್ಲೇ. ನಾವು ಮೊದಲ ಸಲ ನೋಡಲು ಹೋದಾಗ ಅದರ ಪುರಾಣವನ್ನೆಲ್ಲ ಉಸಿರು ಬಿಡದೆ ಒಪ್ಪಿಸಿದ್ದರು. ಇಲ್ಲಿ ಓಡಾಡಿಕೊಂಡಿದ್ದ ಮೂಲನಿವಾಸಿಗಳನ್ನು ಸರಿಯಾಗಿ ಕೇಳದೆಯೇ ಸರ್ಕಾರ ನೆಲವನ್ನು ಮಾರಿತಂತೆ. ಕೊಂಡವನು ಕಾಡು ಕಡಿದು ಗೋಧಿ ಬೆಳೆದ. ಅವನ ಮೊಮ್ಮಕ್ಕಳಿಂದ ಅಜ್ಜಿಯ ತಾತ ಕೊಂಡು ಹಸು ಕಟ್ಟಿದರು. ಅಜ್ಜಿಯ ಅಪ್ಪನ ಕಾಲಕ್ಕೆ ಅದು ಡೆಟ್ರಾಯಿಟಿನ ಸಾಹುಕಾರನೊಬ್ಬನ ಪಾಲಾಯಿತು. ಕಾರಿನ ಬಿಡಿಭಾಗ ಮಾಡಿಸುತ್ತಿದ್ದ ಅವನು ಅದನ್ನು ಬೇಸಿಗೆಯ ಬಂಗಲೆ ಮಾಡಿಕೊಂಡು ಮುಂದೆ ಬಿಳಿ ಕಂಬಗಳನ್ನು ನಿಲ್ಲಿಸಿದ. ಆಮೇಲೆ ಬಂದ ಡಾಕ್ಟರು ಹುಲ್ಲುಗಾವಲನ್ನೆಲ್ಲ ಸಾಲುಸಾಲು ಮನೆಗಳ ಸಬ್‌ಡಿವಿಷನ್ ಕಟ್ಟುವವರಿಗೆ ಮಾರಿದರು. ನಮಗೆ ಉಳಿದದ್ದು ಮನೆ, ಆ ಕಂಬಗಳು, ಹಸುವಿಲ್ಲದ ಕೊಟ್ಟಿಗೆ, ಒಂದು ಮೇಪಲ್ ಮರ.

"ಇಲ್ಲೊಂದು ಪದ್ಧತಿ ಇದೆ ಹನೀ," ಎಂದಿದ್ದರು ಅಜ್ಜಿ. "ಇರೋರ ಹೆಸರು ಹೇಳಿ ಯಾರೂ ಮನೆ ಕರೆಯಲ್ಲ. ಡಾಕ್ಟರು ಇರೋವರೆಗೂ ಇದು ಸಾಹುಕಾರನ ಮನೆ. ಈಗ ಡಾಕ್ಟರ ಮನೆ. ನೀವು ಮಾರಿಕೊಂಡು ಹೋದ ಮೇಲೆ ನಿಮ್ಮದಾಗುತ್ತೆ, ಯೋಚನೆ ಮಾಡಬೇಡ!"

ತಮಾಷೆಗೇ ಅಂದದ್ದು. ಆದರೂ ನನಗೆ ಚುಚ್ಚಿತು. ನಮ್ಮದು ಅನ್ನಿಸಿಕೊಳ್ಳಲು ಮನೆಯನ್ನೇ ಬಿಡಬೇಕೆ? ನನ್ನ ನಂಬಿಕೆಯೆಲ್ಲ ಹಾಲಿನ ಮೇಲಿತ್ತು. ಒಲೆ ಹಚ್ಚಿ ಹಾಲು ಉಕ್ಕಿಸಿಬಿಟ್ಟರೆ ಮನೆ ನಮ್ಮದು, ಊರವರು ಏನಾದರೂ ಅಂದುಕೊಳ್ಳಲಿ.

ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಬಲಗಾಲಿಟ್ಟು ಒಳಗೆ ಹೋದೆವು. ಡಾಕ್ಟರು ಬಿಟ್ಟುಹೋದ ಗಾಜಿನ ಇಂಡಕ್ಷನ್ ಒಲೆಯ ಮೇಲೆ ಹಾಲಿಟ್ಟೆ. ನೊರೆ ಏರಿತು, ಅಂಚಿಗೆ ಬಂತು, ಒಂದೇ ಒಂದು ತೊಟ್ಟು ಗಾಜಿಗೆ ತಾಗಿತು. ಒಲೆ ಕುಂಯ್ ಅಂದು ಆಫ್ ಆಯಿತು! ಹಾಲು ಸುಮ್ಮನೆ ಕೆಳಗಿಳಿಯಿತು. ಒರೆಸಿ ಮತ್ತೆ ಇಟ್ಟೆ. ಮತ್ತೆ ಕುಂಯ್.

"ಸೇಫ್ಟಿ ಫೀಚರ್ ಕಣೇ. ಎಷ್ಟು ಒಳ್ಳೆ ಡಿಸೈನ್ ನೋಡು," ಎಂದರು ಯಜಮಾನರು.

"ರೀ, ಹೊಗಳೋಕೆ ಇದೇ ಟೈಮಾ?"

ಮಗಳು ಫೋನನ್ನು ನನ್ನತ್ತ ಹಿಡಿದಿದ್ದಳು. ಅದರೊಳಗೆ ಮೈಸೂರಿನಿಂದ ಅತ್ತೆಯ ಹಣೆ ಮಾತ್ರ ಕಾಣುತ್ತಿತ್ತು. "ಉಕ್ಕಿತೇನೇ?"

"ಒಲೆ ಬಿಡ್ತಿಲ್ಲ ಅತ್ತೆ."

"ಒಲೆಗೆ ಯಾಕೆ ಅಷ್ಟೊಂದು ಬುದ್ಧಿ? ನಿಮ್ಮೂರಿನ ರಾಹುಕಾಲ ಲೆಕ್ಕ ಹಾಕಿದೀನಿ. ಇನ್ನೇನು ಬಂದ್ಬಿಡುತ್ತೆ, ಬೇಗ!"

"ಅಮ್ಮಾ, ದ ಸ್ಟವ್ ಈಸ್ ಜಸ್ಟ್ ಡೂಯಿಂಗ್ ಇಟ್ಸ್ ಜಾಬ್," ಎಂದು ಮಗಳು ಕಿಸಿಕಿಸಿ ನಕ್ಕಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಹಾಲು ಉಕ್ಕದಂತೆ ಪಾತ್ರೆಯ ಮೇಲೆ ಮರದ ಸೌಟು ಅಡ್ಡ ಇಡಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಉಕ್ಕಿಸುವುದನ್ನು ಯಾರು ಕಲಿಸಿದ್ದರು?

ಅಷ್ಟರಲ್ಲಿ ಅಜ್ಜಿ ಸೇಬಿನ ಪೈ ಹಿಡಿದು ಹಿಂಬಾಗಿಲಿಗೆ ಬಂದರು. ವಿಷಯ ಕೇಳಿ ಪೈ ಬೀಳಿಸುವುದೊಂದು ಬಾಕಿ. "ಬೇಕಂತಲೇ ಚೆಲ್ಲುತ್ತೀರಾ?"

"ಚೆಲ್ಲೋದಲ್ಲ, ಉಕ್ಕಿಸೋದು. ಮನೆ ತುಂಬಲಿ ಅಂತ."

"ಇದೇ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದ್ದಕ್ಕೆ ಅಮ್ಮ ನನಗೆ ಚಮಚದಲ್ಲಿ ಬಾರಿಸಿದ್ದಾಳೆ! ಪೂಜೆ ಅಂತ ಹೇಳಿಬಿಡಬಹುದಿತ್ತಲ್ಲ!" ಎಂದು ಹೊಟ್ಟೆ ಹಿಡಿದು ನಕ್ಕರು. ಮರುಕ್ಷಣವೇ ತಮ್ಮ ಮನೆಯತ್ತ ನಡೆದರು, ಓಡಿದರು ಎಂದೇ ಹೇಳಬೇಕು, ಮತ್ತು ಕ್ಯಾಂಪಿಂಗಿಗೆ ಒಯ್ಯುವ ಪುಟ್ಟ ಗ್ಯಾಸ್ ಒಲೆ ತಂದರು. "ಇದಕ್ಕೆ ಬುದ್ಧಿಯೇ ಇಲ್ಲ!"

ಕೊಟ್ಟಿಗೆಯ ಬಾಗಿಲಲ್ಲಿ, ಕಲ್ಲಿನ ಮೇಲೆ, ಪೂರ್ವಕ್ಕೆ ಮುಖ ಮಾಡಿ ಹಚ್ಚಿದೆ. ಅಷ್ಟು ಹಸುಗಳ ಹಾಲು ಕಂಡ ಜಾಗ. ನೊರೆ ಏರಿತು, ತುಂಬಿತು, ಪಾತ್ರೆಯ ಕುಂಕುಮವನ್ನು ಅಳಿಸಿಕೊಂಡು ಸುರ್ರನೆ ಹರಿಯಿತು. "ಉಕ್ಕಿತು! ಉಕ್ಕಿತು!" ಎಂದು ಫೋನಿನೊಳಗೆ ಅತ್ತೆ ಕೂಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಜ್ಜಿ. ಆಮೇಲೆ ಎಲ್ಲರೂ ಅಲ್ಲೇ ಕೂತು ಪೈ, ಚಿತ್ರಾನ್ನ ಎರಡನ್ನೂ ಖಾಲಿ ಮಾಡಿದೆವು.

ಸಂಜೆ ನಾನು ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದೆ. ಪಾರ್ಸೆಲ್ ವ್ಯಾನಿನವನೊಬ್ಬ ಬೇಲಿಯಾಚೆ ನಿಲ್ಲಿಸಿ, ಡಾಕ್ಟರ ಮನೆ ಯಾವುದೆಂದು ಕೇಳಿದ. ಅಜ್ಜಿ ಟೊಮೇಟೊ ಗಿಡಕ್ಕೆ ನೀರು ಬಿಡುತ್ತಿದ್ದರು. ತಲೆಯನ್ನೂ ಎತ್ತಲಿಲ್ಲ.

"ಡಾಕ್ಟರ ಮನೆಯಾ? ಅಗೋ, ಬಿಳಿ ಕಂಬದ್ದು. ಬೇಕಂತಲೇ ಹಾಲು ಉಕ್ಕಿಸ್ತಾರಲ್ಲ, ಅವರ ಮನೆ."