ಸಿಡ್ನಿಯಲ್ಲಿ ಹಸಿರು, ಅಡುಗೆಮನೆಯಲ್ಲಿ ಕೆಂಪು

“ಬೆಳಿಗ್ಗೆಯಿಂದ ಹೇಳ್ತಾ ಇದ್ದೇನೆ ಮಾರಾಯ, ಇಲ್ಲಿ ಕೆಂಪು ಉಂಟು. ನಿಮ್ಮವರು ಅಲ್ಲಿ ಹಸಿರು ಉಂಟು ಅಂತ ಹೇಳಿ ಫೋನ್ ಇಡ್ತಾರೆ.”

ನನ್ನ ಹೆಸರು ಕೇಳಿದ್ದೇ ಕನ್ನಡಕ್ಕೆ ಹೊರಳಿದವರು ಮಂಗಳೂರಿನ ರೀಟಾ ಆಂಟಿ. ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಮನೆಮನೆಗೆ ಊಟ ಕಳಿಸುವ ಅಡುಗೆಮನೆ ಅವರದು. ಮೀನು-ಮಾಂಸ ತಣ್ಣಗಿಡುವ ಅವರ ಕೋಲ್ಡ್ ರೂಮ್ ಕೆಟ್ಟರೆ ನಾರ್ತ್ ಸಿಡ್ನಿಯ ನಮ್ಮ ಆಫೀಸಿನ ಪರದೆಗೆ ಎಚ್ಚರಿಕೆ ಬರಬೇಕು; ಬಂದ ಕೂಡಲೇ ರಿಪೇರಿಗೆ ಜನ ಕಳಿಸುವುದು ನಮ್ಮ ಕೆಲಸ.

ಫೋಟೊ ಕಳಿಸಿ ಎಂದೆ. ಅಲ್ಲಿನ ಕಂಪ್ಯೂಟರ್‌ನಲ್ಲಿ ‘ತಾಪಮಾನ ಮಿತಿ ಮೀರಿದೆ’ ಎಂದು ದೊಡ್ಡದಾಗಿ ಕನ್ನಡದಲ್ಲೇ ಇತ್ತು. ಅಡುಗೆ ಮಾಡುವ ಹಿರಿಯ ಹೆಂಗಸರಿಗೆ ಓದಲು ಬರುವುದು ಕನ್ನಡವೊಂದೇ ಎಂದು ಆಂಟಿ ಹಾಗೆ ಮಾಡಿಸಿದ್ದರು. ಆ ಕಂಪ್ಯೂಟರ್ ಕಳಿಸುವ ಸಂದೇಶದಲ್ಲಿ ನಮ್ಮ ಸಾಫ್ಟ್‌ವೇರ್ ಹುಡುಕುವುದು ಇಂಗ್ಲಿಷ್ ಪದಗಳನ್ನಷ್ಟೇ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದಾದರೂ ಹೇಳಬೇಕಿತ್ತು. ಅದು ಎಲ್ಲ ಸರಿಯಿದೆ ಎಂದು ಹಸಿರು ತೋರಿಸಿತು, ನಮ್ಮವರು ಅದನ್ನೇ ನಂಬಿದರು.

ಮಧ್ಯಾಹ್ನದ ಹೊತ್ತಿಗೆ ಮೀನು, ಕೋಳಿ, ಅರೆದಿಟ್ಟ ಮಸಾಲೆ ಎಲ್ಲ ಕೆಟ್ಟು ಕಸದ ಬಿನ್ ಸೇರಿತು. ಊಟಕ್ಕೆ ಕಾದಿದ್ದ ಮನೆಗಳಿಗೆಲ್ಲ ಆಂಟಿಯೇ ಫೋನ್ ಮಾಡಿ ಕ್ಷಮೆ ಕೇಳಿದರು. ಬೆಂಗಳೂರಿನವರೇ ಆದ ನಮ್ಮ ಮ್ಯಾನೇಜರ್ ತಲೆಯೆತ್ತದೆ, “ಕನ್ನಡ ಯಾಕೆ ಹಾಕ್ಕೋಬೇಕಿತ್ತು? ಇಂಗ್ಲಿಷ್ ಸೆಟ್ ಮಾಡೋಕೆ ಹೇಳಿ, ಇಶ್ಯೂ ಕ್ಲೋಸ್ ಮಾಡು” ಎಂದರು. ನನ್ನ ಮೈ ಉರಿದುಹೋಯಿತು. ಎಷ್ಟು ವಾದಿಸಿದರೂ ಅವರು ಜಗ್ಗಲಿಲ್ಲ.

ಇಶ್ಯೂ ಕ್ಲೋಸ್ ಆಯಿತು. ಈಗ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ. ಇನ್ನೊಂದು ಊರಿನಲ್ಲಿ ಕೂತ ನಮಗೆ ಅದು ತಿಳಿಯುತ್ತದೆ. ಕೋಲ್ಡ್ ರೂಮಿನ ಬಾಗಿಲಲ್ಲೇ ನಿಂತವರಿಗೆ ತಿಳಿಯುವುದಿಲ್ಲ.