ಯುಎಸ್‌ಬಿ ಕಿಂಡಿಯಲ್ಲಿ ಕಂಡ ನನ್ನ ತಪ್ಪು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಂಗಡಿಗಳ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಲಸ ಮಾಡುವವರು ಇಬ್ಬರೇ. ನನ್ನ ಜೊತೆಗಾರರು ಸರ್ಕ್ಯೂಟ್ ಬೋರ್ಡ್ ಮಾಡುತ್ತಾರೆ, ಅದರೊಳಗೆ ಓಡುವ ಪ್ರೋಗ್ರಾಮು ನನ್ನದು. ಅಕ್ಕಿ ಮಿಲ್ಲುಗಳಲ್ಲಿ ಭತ್ತ ಒಣಗಿಸುವ ಡ್ರೈಯರ್ ಇರುತ್ತದಲ್ಲ, ಅದಕ್ಕೆ ಕೂರಿಸುವ ಕಂಟ್ರೋಲ್ ಪೆಟ್ಟಿಗೆ ನಮ್ಮ ಸರಕು. ಎಷ್ಟು ಬಿಸಿ ಗಾಳಿ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಪೆಟ್ಟಿಗೆ ನೋಡಿಕೊಳ್ಳುತ್ತದೆ. ಅದರೊಳಗೊಂದು ಪುಟ್ಟ ಆಪರೇಟಿಂಗ್ ಸಿಸ್ಟಮ್. ಅದರ ತಿರುಳನ್ನು, ಅಂದರೆ ಕರ್ನೆಲ್ ಅನ್ನು, ಹತ್ತಾರು ವರ್ಷಗಳಿಂದ ನಾನೇ ಬರೆದು, ತಿದ್ದಿ, ತೇಪೆ ಹಾಕುತ್ತ ಬಂದಿದ್ದೇನೆ. ಐವತ್ತು ಸಮೀಪಿಸಿದ ಮೇಲೆ ಆ ಕೋಡ್ ತೆರೆದರೆ ಸಾಕು, ಕತ್ತಿನಿಂದ ಭುಜದವರೆಗೆ ನೋವು ಇಳಿಯುತ್ತಿತ್ತು.

ಆ ಸುಗ್ಗಿಯಲ್ಲಿ ಸಿರುಗುಪ್ಪದ ಒಂದು ಮಿಲ್ಲಿನಿಂದ ಫೋನ್ ಬಂತು. ಡ್ರೈಯರ್ ಓಡುತ್ತಿರುವಾಗಲೇ ಪೆಟ್ಟಿಗೆ ಕಲ್ಲಿನಂತೆ ನಿಂತುಬಿಟ್ಟಿತ್ತಂತೆ. ತೆರೆಯ ಮೇಲಿನ ಅಂಕಿ ಕದಲುವುದಿಲ್ಲ, ಬಿಸಿ ಗಾಳಿ ಮಾತ್ರ ಹೊಡೆಯುತ್ತಲೇ ಇರುತ್ತದೆ. ಭತ್ತ ಮಿತಿಮೀರಿ ಒಣಗಿ, ಮಿಲ್ಲಿಗೆ ಹಾಕಿದಾಗ ಅಕ್ಕಿಯೆಲ್ಲ ನುಚ್ಚಾಗಿತ್ತು. ನಾನು ಬಸ್ಸು ಹತ್ತಿ ಹೋದೆ.

ಡ್ರೈಯರ್ ನೋಡಿಕೊಳ್ಳುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು. ಮೊದಲು ಅದೇ ಮಿಲ್ಲಿನಲ್ಲಿ ಕಸ ಗುಡಿಸುತ್ತಿದ್ದಳು, ನೋಡಿ ನೋಡಿ ಕಲಿತು ಪೆಟ್ಟಿಗೆಯ ಮುಂದೆ ನಿಂತವಳು. ತಲೆಗೆ ಬಿಗಿದ ಟವೆಲ್ಲಿನ ಮೇಲೆ ಹೊಟ್ಟಿನ ದೂಳು. ನಾನು ಕೇಳುವ ಮೊದಲೇ ಹೇಳಿದಳು: "ನಾ ಏನೂ ಒತ್ತಿಲ್ಲರಿ ಮೇಡಂ. ತಾನ ನಿಂತೈತಿ."

ನಾನು ತಲೆಯಾಡಿಸಿದೆ, ಅಷ್ಟೇ. ಪೆಟ್ಟಿಗೆ ಆರಿಸಿ ಹೊತ್ತಿಸಿದೆ. ಸಂಜೆಯವರೆಗೂ ಸರಿಯಾಗಿಯೇ ಓಡಿತು. ಹೊರಡುವಾಗ ಮಿಲ್ಲಿನ ಮಾಲೀಕರಾದ ಸಾವುಕಾರರು, ಏನಾಗಿತ್ತು ಎಂದು ಬರೆದು ಕೊಡಿ ಎಂದರು. ಏನಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು, ಸೊಂಟ ಹಿಡಿದುಕೊಂಡಿತ್ತು. "ಆಪರೇಟರ್ ತಪ್ಪು ಬಟನ್ ಒತ್ತಿರಬಹುದು" ಎಂದು ಬರೆದು ಸಹಿ ಮಾಡಿ ಕೊಟ್ಟೆ. ಇದೊಂದು ಸಾಲು ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಹದಿನೈದು ದಿನಗಳಲ್ಲಿ ಮತ್ತೆ ಫೋನ್. "ಹೊಸಾ ಮನಷ್ಯಾನ್ನ ಹಾಕೀನಿ ಮೇಡಂ. ಆದ್ರೂ ಹಂಗ ನಿಂತೈತಿ," ಎಂದರು ಸಾವುಕಾರರು.

"ಹೊಸಬ್ರು ಯಾಕ್ರಿ? ಆ ಅಕ್ಕ ಎಲ್ಲಿ?"

"ಆಕೀನ್ನ ಬಿಡಿಸೀನಿ. ನೀವ ಬರ್ದು ಕೊಟ್ಟಿದ್ರಲ್ಲ."

ನಾನು ಬರೆದಿದ್ದ "ಒತ್ತಿರಬಹುದು" ಅವರ ಲೆಕ್ಕದಲ್ಲಿ "ಒತ್ತಿದ್ದಾಳೆ" ಆಗಿತ್ತು. ಫೋನ್ ಇಟ್ಟೆ. ಕೆಳಗೆ ಹೊಲಿಗೆ ಮಷೀನುಗಳ ಸದ್ದು. ಜೊತೆಗಾರರಿಗೆ ವಿಷಯ ಹೇಳಿದೆ.

"ಕರ್ನೆಲ್ ಸಾಯೋವಾಗ ಎಲ್ಲಿತ್ತು ಅಂತ ಗೊತ್ತಾಗ್ಬೇಕಲ್ಲ," ಎಂದರು ಅವರು.

"ಹೆಂಗ ಗೊತ್ತಾಗ್ತೈತ್ರಿ? ಸೀರಿಯಲ್ ಪಿನ್ನು ತಗದ್ಹಾಕೀರಿ ನೀವು."

ಹಳೆಯ ಬೋರ್ಡಿನಲ್ಲಿ ಸೀರಿಯಲ್ ಎಂಬ ಮೂರು ಪಿನ್ನುಗಳಿದ್ದವು. ಅದಕ್ಕೆ ತಂತಿ ಸಿಕ್ಕಿಸಿದರೆ, ಕರ್ನೆಲ್ ಕುಸಿದು ಬೀಳುವಾಗಲೂ ತಾನೆಲ್ಲಿದ್ದೆ ಎಂದು ಎರಡು ಸಾಲು ಆಚೆ ಕಳಿಸುತ್ತಿತ್ತು. ಹೊಸ ಬೋರ್ಡನ್ನು ಚಿಕ್ಕದು ಮಾಡಲು ಜೊತೆಗಾರರು ಅವನ್ನು ತೆಗೆದು ಯುಎಸ್‌ಬಿ ಕಿಂಡಿಯೊಂದನ್ನೇ ಉಳಿಸಿದ್ದರು. ಆಗ ನಾನೂ ಬೇಡ ಎಂದಿರಲಿಲ್ಲ. ವಾದ ಮಾಡುವುದಕ್ಕೂ ಶಕ್ತಿ ಬೇಕು.

ಹಾಗಾಗಿ ಯುಎಸ್‌ಬಿ ಮೂಲಕವೇ ಕರ್ನೆಲ್ಲಿನ ದೋಷ ಹುಡುಕುವ ವ್ಯವಸ್ಥೆಯನ್ನು ಹೊಸದಾಗಿ ಬರೆಯಬೇಕಾಯಿತು. ಸೀರಿಯಲ್ ತಂತಿಗೆ ಅಕ್ಷರ ನೂಕಿದರೆ ಮುಗಿಯಿತು, ಕೇಳುವವರು ಇರಲಿ ಬಿಡಲಿ. ಯುಎಸ್‌ಬಿ ಹಾಗಲ್ಲ. ಆಚೆ ಕಡೆಯ ಲ್ಯಾಪ್‌ಟಾಪು ಆಗಾಗ ಪ್ರಶ್ನೆ ಕೇಳುತ್ತದೆ, ಈಚೆಯಿಂದ ಉತ್ತರ ಹೋಗದಿದ್ದರೆ ಕೈಬಿಡುತ್ತದೆ. ಉತ್ತರ ಕೊಡಬೇಕಾದ್ದು ಕರ್ನೆಲ್. ಆ ಕರ್ನೆಲ್ಲೇ ಸತ್ತಿದೆ. ಆದ್ದರಿಂದ ಕರ್ನೆಲ್ಲಿನ ಯಾವ ನೆರವನ್ನೂ ಬೇಡದೆ, ಮೊದಲೇ ತೆಗೆದಿಟ್ಟ ಒಂದು ಚೂರು ಮೆಮೊರಿಯಲ್ಲಿ ಕುಳಿತು, ಕಿಂಡಿಗೆ ಪ್ರಶ್ನೆ ಬಂತೇ ಎಂದು ಮತ್ತೆ ಮತ್ತೆ ತಾನೇ ಇಣುಕಿ ನೋಡುವ ಕೋಡ್ ಬೇಕಿತ್ತು. ಯಂತ್ರ ಹೆಚ್ಚು ಹೊತ್ತು ಸ್ತಬ್ಧವಾದರೆ ಆ ಕೋಡನ್ನು ಎಬ್ಬಿಸಲು ಒಂದು ಟೈಮರ್.

ಎರಡು ತಿಂಗಳು ಹಿಡಿಯಿತು. ಬೇರೆ ಮಿಲ್ಲುಗಳ ಕೆಲಸ ನಿಲ್ಲುವಂತಿರಲಿಲ್ಲ, ಅದರ ನಡುವೆಯೇ ಇದು. ಬೇಕೆಂದೇ ಕರ್ನೆಲ್ಲನ್ನು ಕೊಲ್ಲುವುದು, ಲ್ಯಾಪ್‌ಟಾಪು ನೋಡುವುದು, ಏನೂ ಬರದಿದ್ದರೆ ತಿದ್ದಿ ಮತ್ತೆ ಕೊಲ್ಲುವುದು. ಬಿಸಿಲಿಗೆ ಕಾದ ಆ ಕೋಣೆಯಲ್ಲಿ ಕರೆಂಟು ಹೋದಾಗಲೆಲ್ಲ ಮೇಜಿಗೆ ತಲೆ ಇಟ್ಟು ಮಲಗುತ್ತಿದ್ದೆ. ಒಮ್ಮೆಯಂತೂ ಸಾಲುಗಳು ಬಂದವೆಂದು ಹಿಗ್ಗಿದೆ, ನೋಡಿದರೆ ಹಿಂದಿನ ಸಲ ಕಳಿಸಿದ ಸಾಲುಗಳೇ ಮತ್ತೆ ಬಂದಿದ್ದವು. ಹೊಸ ಅಕ್ಷರಗಳು ಪ್ರೊಸೆಸರಿನ ಕೈಯಲ್ಲೇ ಉಳಿದು ಮೆಮೊರಿಗೆ ಇಳಿದಿರಲಿಲ್ಲ, ಯುಎಸ್‌ಬಿ ಚಿಪ್ಪು ಹಳೆಯದನ್ನೇ ಎತ್ತಿ ಕಳಿಸಿತ್ತು. ಇಷ್ಟು ತಿಳಿಯಲು ಒಂಬತ್ತು ದಿನ. ತಿದ್ದಲು ಒಂದೇ ಸಾಲು. ಕೊನೆಗೆ ಸರಿಯಾದ ಅಕ್ಷರಗಳು ಮೂಡಿದಾಗ ಜೊತೆಗಾರರು ಚಪ್ಪಾಳೆ ತಟ್ಟಿದರು. ನಾನು ನೀರು ಕುಡಿದು ಮನೆಗೆ ಹೋದೆ.

ಮರುದಿನ ಲ್ಯಾಪ್‌ಟಾಪು ಹೊತ್ತು ಸಿರುಗುಪ್ಪಕ್ಕೆ ಹೋಗಿ, ಹೊಸ ಕರ್ನೆಲ್ ಹಾಕಿ, ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಕುಳಿತೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಪೆಟ್ಟಿಗೆಯ ತೆರೆ ನಿಂತಿತು. ಲ್ಯಾಪ್‌ಟಾಪಿನಲ್ಲಿ ಸಾಲುಗಳು ಇಳಿದವು. ಕರ್ನೆಲ್ ನಿಂತದ್ದು ಶಾಖ ಅಳೆಯುವ ಸೆನ್ಸರಿನ ಭಾಗದಲ್ಲಿ. ಸೆನ್ಸರು ಉತ್ತರಿಸದಿದ್ದರೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿಯನ್ನೇ ಅಲ್ಲಿ ಹಾಕಿರಲಿಲ್ಲ. ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಮೋಟಾರು ಶುರುವಾದ ಕ್ಷಣದಲ್ಲಿ ಸೆನ್ಸರಿನ ತಂತಿ ಗಲಿಬಿಲಿಗೊಂಡಿತ್ತು, ಕರ್ನೆಲ್ ಉಳಿದೆಲ್ಲವನ್ನೂ ತಡೆಹಿಡಿದು ಕಾಯುತ್ತ ನಿಂತುಬಿಟ್ಟಿತ್ತು. ಆ ಭಾಗ ಬರೆದವಳು ನಾನೇ. ಅಲ್ಲೇ ಕುಳಿತು ಮಿತಿ ಹಾಕಿ ತಿದ್ದಿದೆ.

ಸಾವುಕಾರರ ಕೋಣೆಗೆ ಹೋಗಿ ಹೇಳಿದೆ: "ತಪ್ಪು ನಂದು. ಆ ಅಕ್ಕನದು ಏನೂ ಇಲ್ಲ."

"ಆತು ಬಿಡ್ರಿ. ಈಗ ಸರಿ ಆತಲ್ಲ," ಎಂದರು.

"ಆಕೀನ್ನ ತಿರುಗಿ ಕರೀರಿ."

"ಆ ಜಾಗಕ್ಕ ಮನಷ್ಯಾ ಬಂದಾನ ಮೇಡಂ. ಅವನ್ನ ಹೆಂಗ ಕಳಸ್ಲಿ?" ಅವರು ಒರಟಾಗಿ ಹೇಳಲಿಲ್ಲ. ಅವಳೀಗ ಕುರುಗೋಡಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆಂದು ಹೇಳಿ ಫೋನ್ ನಂಬರನ್ನೂ ಕೊಟ್ಟರು.

ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಅವರಿಂದಲೇ ವಿಳಾಸವನ್ನೂ ಕೇಳಿಕೊಂಡು, ಆ ವಾರದಲ್ಲೇ ಒಂದು ಬೆಳಿಗ್ಗೆ ಕುರುಗೋಡಿಗೆ ಹೋದೆ. ಅವಳು ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗುರುತು ಹಿಡಿದಳು. "ಬರ್ರಿ, ಕುಂದರ್ರಿ," ಎಂದಳು, ನಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಕೋಡಿನ ಮಾತು ಬಿಟ್ಟು, ಸೆನ್ಸರು, ಮೋಟಾರು, ನಾನು ಬರೆದ ಚೀಟಿ.

"ಆ ಚೀಟಿ ನಾ ನೋಡೀನಿ," ಎಂದಳು. "ಓದಾಕ ಬರ್ತೈತಿ ನನಗ."

ಇನ್ನೊಂದು ಕಾಯಿಯ ತೊಟ್ಟು ಬಿಡಿಸುತ್ತ ಅವಳೇ ಮುಂದುವರಿಸಿದಳು.

"ಎಲಿವೇಟರ್ ಮೋಟಾರ್ ಚಾಲೂ ಮಾಡ್ದಾಗೆಲ್ಲ ಅದರ ತೆರಿ ಒಂದ್ ಸಲ ಮಿಣುಕ್ತಿತ್ತು. ಭಾಳ ದಿನದಿಂದ ನೋಡೀನಿ. ಮಿಣುಕಿ ಮಿಣುಕಿ ಒಂದಿನ ನಿಂತ ಬಿಡ್ತೈತಿ ಅಂತ ಗೊತ್ತಿತ್ತು."

"ಆವತ್ತು ಯಾಕ ಹೇಳ್ಲಿಲ್ಲಕ್ಕಾ?"

ಅವಳು ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದಳು. "ನೀವೆಲ್ಲಿ ಕೇಳಿದ್ರಿ? ಬಂದ್ರಿ, ಪೆಟಿಗಿ ನೋಡಿದ್ರಿ, ಹೋದ್ರಿ."

ನಿಜ. ಕೇಳಿದ್ದರೆ ಎರಡು ದಿನದ ಕೆಲಸ ಅದು. ಎರಡು ತಿಂಗಳು ಸತ್ತ ಕರ್ನೆಲ್ಲಿನ ಬಾಯಿ ಬಿಡಿಸಲು ಹೆಣಗಿದ್ದೆ, ಪಕ್ಕದಲ್ಲೇ ನಿಂತಿದ್ದವಳಿಗೆ ಒಂದು ಪ್ರಶ್ನೆ ಹಾಕಿರಲಿಲ್ಲ. ಅಂದು ನನ್ನ ಮೈ ಎಷ್ಟು ದಣಿದಿತ್ತೆಂದು ಹೇಳಬೇಕೆನಿಸಿತು. ಆದರೆ ಅವಳೇನು ದಣಿಯದವಳೇ?

"ತಪ್ಪಾತಕ್ಕಾ," ಎಂದೆ.

"ಬಾಯಾಗ ಬ್ಯಾಡ್ರಿ. ಅದನ್ನ ಬರ್ದು ಕೊಟ್ಟಿದ್ರಿ, ಇದನ್ನೂ ಬರ್ದು ಕೊಡ್ರಿ. ಕನ್ನಡದಾಗ ಬರೀರಿ. ಸಹಿ ಮಾಡ್ರಿ."

ಅಲ್ಲೇ ಅಂಗಳದಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಅದರ ಬೆನ್ನಿನ ಮೇಲೆ ಹಾಳೆ ಹರಡಿ ಬರೆದೆ. ಪೆಟ್ಟಿಗೆ ನಿಂತದ್ದು ನಮ್ಮ ಪ್ರೋಗ್ರಾಮಿನ ದೋಷದಿಂದ, ಆಪರೇಟರ್ ಯಾವ ತಪ್ಪನ್ನೂ ಮಾಡಿಲ್ಲ, ಮೊದಲ ವರದಿಯಲ್ಲಿ ನಾನು ವಿಚಾರಿಸದೆ ಬರೆದಿದ್ದೆ. "ವಿಚಾರಿಸದೆ" ಎಂಬ ಪದ ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ. ಅವಳು ತುಟಿಯಾಡಿಸುತ್ತ ಪೂರ್ತಿ ಓದಿದಳು, ಎರಡು ಮಡಿಕೆ ಮಾಡಿ ಒಳಗಿಟ್ಟು ಬಂದಳು. ತಂಗಿ ಚಹಾ ತಂದಳು. ಕುಡಿದು ಎದ್ದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಾವುಕಾರರು ಅವಳನ್ನು ಕರೆಯಲಿಲ್ಲ. ತೆಕ್ಕಲಕೋಟೆಯ ಇನ್ನೊಂದು ಮಿಲ್ಲಿನವರು ನಮ್ಮ ಪೆಟ್ಟಿಗೆ ಹಾಕಿಸಿಕೊಂಡಾಗ, ಅದನ್ನು ನೋಡಿಕೊಳ್ಳಲು ತಿಳಿದವರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದರು. ಅವಳ ಫೋನ್ ನಂಬರು ಕೊಟ್ಟೆ. ಚೀಟಿ ತೋರಿಸಿದಳೋ ಇಲ್ಲವೋ ತಿಳಿಯದು, ಕೆಲಸಕ್ಕೆ ಸೇರಿದಳು.

ಈಗ ನಮ್ಮ ಎಲ್ಲ ಪೆಟ್ಟಿಗೆಗಳಲ್ಲೂ ಆ ಯುಎಸ್‌ಬಿ ಕೋಡ್ ಇದೆ. ಬೇರೆ ದೋಷಗಳನ್ನು ಹಿಡಿದುಕೊಟ್ಟಿದೆ, ದಂಡವಾಗಲಿಲ್ಲ. ಆದರೆ ಅದು ಕೆಲಸ ಮಾಡಿದಾಗ ಜೊತೆಗಾರರು ಹಿಗ್ಗುವಷ್ಟು ನನಗೆ ಹಿಗ್ಗಲಾಗುವುದಿಲ್ಲ.

ಹೋದ ಸುಗ್ಗಿಯಲ್ಲಿ ತೆಕ್ಕಲಕೋಟೆಗೆ ಹೋಗಿದ್ದೆ. ಅವಳ ಮುಂದೆ ಭತ್ತ ತಂದ ಟ್ರ್ಯಾಕ್ಟರುಗಳ ಸಾಲು. "ಸ್ವಲ್ಪ ನಿಲ್ರಿ ಮೇಡಂ, ಈ ಗಾಡಿ ನೆಲ್ಲು ಇಳಿಸ್ಕೊಂಡು ಬರ್ತೀನಿ. ಒಂದ್ ಮಾತು ಹೇಳಾದೈತಿ," ಎಂದಳು. ನಾನು ಗೋಡೆಗೆ ಒರಗಿ ಖಾಲಿ ಚೀಲಗಳ ಮೇಲೆ ಕುಳಿತೆ. ಬ್ಲೋಯರಿನ ಮೊರೆತ, ಬೆಚ್ಚನೆಯ ಹೊಟ್ಟಿನ ವಾಸನೆ. ಕಣ್ಣು ಎಳೆಯಿತು. ಅವಳು ಬಂದು ಭುಜ ಅಲುಗಿಸಿದಾಗ ಸಾಲಿನಲ್ಲಿದ್ದ ಟ್ರ್ಯಾಕ್ಟರುಗಳೆಲ್ಲ ಹೋಗಿ ಅಂಗಳ ಖಾಲಿಯಾಗಿತ್ತು.

"ಹೇಳಕ್ಕಾ," ಎಂದು ಎದ್ದು ಕುಳಿತೆ.