ಪಂಪುಗಳು ಬಂದಾದ ಮಧ್ಯಾಹ್ನ

ಮನುಷ್ಯನ ಅಹಂಕಾರವನ್ನು ಮುರಿಯಲು ಕಾಲವೇ ಬರಬೇಕು ಎಂದು ಹಿರಿಯರು ಹೇಳಿದ್ದಾರೆ. ನನ್ನದಕ್ಕೆ ಅಷ್ಟು ದೊಡ್ಡವರು ಬೇಕಾಗಲಿಲ್ಲ. ಸುತ್ತಲಿನ ಹೊಲಗಳ ಬೋರ್‌ವೆಲ್ ಪಂಪುಗಳೇ ಸಾಕಾದವು.

ಸಿಂದಗಿ, ಮುದ್ದೇಬಿಹಾಳಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಈಗ ಇಂಡಿ ಸಮೀಪದ ನಮ್ಮ ಲಿಂಬಿ ತೋಟದ ಮನೆಯಲ್ಲಿದ್ದೇನೆ. ಮದುವೆಯಾದಾಗ ಅರ್ಧಕ್ಕೆ ಬಿಟ್ಟ ಓದನ್ನು ನನ್ನ ಹೆಂಡತಿ ಮೊಮ್ಮಕ್ಕಳಾದ ಮೇಲೆ ಮತ್ತೆ ಹಿಡಿದು, ಬಿ.ಎ. ಕೊನೆಯ ಪರೀಕ್ಷೆಯವರೆಗೆ ಬಂದಿದ್ದಳು. ಅದನ್ನು ಮನೆಯಲ್ಲೇ ಲ್ಯಾಪ್‌ಟಾಪಿನ ಕ್ಯಾಮೆರಾ ಎದುರು ಕೂತು ಬರೆಯಬೇಕು, ಮೊಬೈಲು ನಡೆಯದು. ತಪ್ಪಿದರೆ ಮತ್ತೊಂದು ವರ್ಷ.

ಪರೀಕ್ಷೆಯ ಹಿಂದಿನ ದಿನ ಲ್ಯಾಪ್‌ಟಾಪು ಫರ್ಮ್‌ವೇರ್ ಅಪ್‌ಡೇಟ್, ಅಂದರೆ ತನ್ನನ್ನು ಎಬ್ಬಿಸುವ ಮೂಲ ತಂತ್ರಾಂಶಕ್ಕೆ ಹೊಸ ಆವೃತ್ತಿ, ಬೇಡಿತು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆಯದೆ ಹೊರಗೆ ಬಿಡದ ಸೀಮೆ ನಮ್ಮದು. ಪರೀಕ್ಷೆಗೆ ಹೋಗುವ ಯಂತ್ರವನ್ನು ಹಾಗೇ ಕಳಿಸುವುದೆ?

"ಇವತ್ತ ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ಹೆಂಡತಿ.

"ನಾ ವಿಜ್ಞಾನದ ಮಾಸ್ತರ," ಎಂದೆ.

ಅದರ ಬ್ಯಾಟರಿ ತುಂಬಿದೆ ಎಂದು ತೋರಿಸುತ್ತದೆ, ವೈರು ಕಿತ್ತೊಡನೆ ಪ್ರಾಣ ಬಿಡುತ್ತದೆ. ಆದ್ದರಿಂದ ಗಟ್ಟಿ ಕರೆಂಟು ಬೇಕೆಂದು ಹೊಲದ ಪಂಪುಗಳಿಗೆಂದು ಮಧ್ಯಾಹ್ನ ಕೆಲವೇ ಗಂಟೆ ಬಿಡುವ ತ್ರೀ ಫೇಸ್‌ಗೆ ಕಾದೆ. ಬಂತು. ಅಪ್‌ಡೇಟಿನ ಗುಂಡಿ ಒತ್ತಿದೆ. ಅದೇ ಗಳಿಗೆಗೆ ನಮ್ಮ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲಿನ ಅಷ್ಟೂ ಪಂಪುಗಳು ಆಟೋ ಸ್ಟಾರ್ಟರಿನಿಂದ ಒಟ್ಟಿಗೆ ಎದ್ದವು. ಬಲ್ಬು ಕೆಂಪಾಯಿತು, ಟಿ.ಸಿ.ಯ ಫ್ಯೂಸು ಹಾರಿತು, ಲ್ಯಾಪ್‌ಟಾಪು ಆರಿತು. ಯಾರೋ ಫ್ಯೂಸು ಕಟ್ಟಿ ಕರೆಂಟು ಮರಳಿದರೂ ಅದರೊಳಗಿನ ಫ್ಯಾನಷ್ಟೇ ತಿರುಗಿತು. ಪರದೆ ರೊಟ್ಟಿ ಹೆಂಚಿನಂತೆ ಕಪ್ಪಾಗಿಯೇ ಉಳಿಯಿತು.

"ತ್ರೀ ಫೇಸ್ ಬಂದ ಗಳಿಗ್ಯಾಗ ಮಿಕ್ಸರ್ ಸುದ್ದಾ ಯಾರೂ ಹಚ್ಚಂಗಿಲ್ಲ," ಎಂದಳು ಹೆಂಡತಿ. "ಇದನ್ನೂ ಸಾಲ್ಯಾಗ ಕಲಿಸಿದ್ರೇನು?"

ಇಂಡಿಯ ಅಂಗಡಿಯವನಿಗೆ ಫೋನು ಮಾಡಿದೆ. "ಬೋರ್ಡ್ ಹೋಗಿರಬೇಕ್ರಿ ಸರ. ಕೊಟ್ಟು ಹೋಗ್ರಿ, ಒಂದು ವಾರ ಹಿಡೀತೈತಿ."

ಹೆಂಡತಿ ಮೊಬೈಲು ತೆಗೆದು, ಪದವಿಗೆಂದು ಕಲಿತ ಇಂಗ್ಲಿಷಿನಲ್ಲಿ ಕಂಪನಿಯ ಸೂಚನೆಗಳನ್ನು ಬೆರಳಿಟ್ಟು ಓದಿದಳು. ಅಪ್‌ಡೇಟಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಕೀಲಿಮಣೆಯ ಎರಡು ಕೀಲಿ ಒತ್ತಿ ಹಿಡಿದು ಆನ್ ಮಾಡಿದರೆ ಯಂತ್ರ ಮತ್ತೆ ಏಳಬಹುದಂತೆ. ಮೊಬೈಲಿಗೂ ಸಿಕ್ಕಿಸುವಂಥ ಪೆನ್‌ಡ್ರೈವು ಮನೆಯಲ್ಲಿತ್ತು. ಆದರೆ ನಡುವೆ ಕರೆಂಟು ಹೋದರೆ ಕಥೆ ಮುಗಿಯಿತು ಎಂದೂ ಬರೆದಿತ್ತು. ಟಿ.ಸಿ.ಯ ಫ್ಯೂಸು ಅಷ್ಟರಲ್ಲಿ ಮತ್ತೊಮ್ಮೆ ಹಾರಿತ್ತು, ಯಾರೋ ಮತ್ತೆ ಕಟ್ಟಿದ್ದರು.

ನಾನು ಪಕ್ಕದ ಹೊಲಕ್ಕೆ ಹೋದೆ. ಅದರ ಒಡೆಯ, ನಾವೆಲ್ಲ ಚಾಚಾ ಎನ್ನುವವರು, ದ್ರಾಕ್ಷಿಗೆ ನೀರು ಬಿಡುತ್ತಿದ್ದರು. ಬದುವಿನಾಚೆ ಕಬ್ಬು ಬೆಳೆಯುವ ಇನ್ನೊಬ್ಬ ನೆರೆಯವರು, ಕಾಕಾ. ಪಂಪು ಸ್ವಲ್ಪ ಹೊತ್ತು ಬಂದ್ ಮಾಡಿರೆಂದು ಕೈಮುಗಿದೆ.

"ತ್ರೀ ಫೇಸ್ ಇದ್ದಾಗ ಪಂಪ್ ಬಂದ್?" ಕಾಕಾ ನನ್ನ ಹಣೆ ಮುಟ್ಟಿ ನೋಡುವವರಂತೆ ಹತ್ತಿರ ಬಂದರು. "ಸರ, ಬಿಸಲಿಗೆ ತಲಿ ಗಿಲಿ ತಿರಗೇತೇನು?"

"ನಮ್ಮಾಕಿದು ನಾಳಿ ಪರೀಕ್ಷಾ ಐತ್ರಿ. ಲ್ಯಾಪ್‌ಟಾಪ್ ನಾ ಕೆಡಿಸೇನಿ."

ಚಾಚಾ ನಕ್ಕರು. "ವೈನಿ ಪರೀಕ್ಷಾ ಅಂತ ಮೊದಲೇ ಹೇಳಬೇಕಿಲ್ಲೇನ್ರಿ! ನಿಮ್ಮದಾಗಿದ್ರ ಬಂದ್ ಮಾಡತಿದ್ದಿಲ್ಲ ನೋಡ್ರಿ." ಅಲ್ಲಿಂದಲೇ ಆಚೆಯ ಹೊಲದವರಿಗೆ ಕೂಗು ಹಾಕಿದರು.

ಒಂದೊಂದಾಗಿ ಪಂಪುಗಳು ನಿಂತವು. ಹಾಡಹಗಲೇ, ತ್ರೀ ಫೇಸ್ ಇರುವಾಗಲೇ, ನಮ್ಮ ಸೀಮೆಯಲ್ಲಿ ಮೋಟರಿನ ಸದ್ದಿಲ್ಲ! ದೊಡ್ಡ ದೊಡ್ಡವರು ತೀರಿಕೊಂಡಾಗಲೂ ಇಂಥ ಮೌನಾಚರಣೆ ಇಲ್ಲಿ ನಡೆದಿಲ್ಲ.

ಹೆಂಡತಿ ಹೇಳಿದ ಕೀಲಿಗಳನ್ನು ನಾನು ಒತ್ತಿ ಹಿಡಿದೆ. ಆಕೆ ಗುಂಡಿ ಅದುಮಿದಳು. ಕಿಟಕಿಯಲ್ಲಿ ಚಾಚಾ, ಬಾಗಿಲಲ್ಲಿ ಕಾಕಾ. ಪರದೆಯ ಮೇಲೆ ಒಂದು ಗೆರೆ ಮೂಡಿ ಇರುವೆಯಂತೆ ಮುಂದೆ ಹೊರಟಿತು.

"ಲಗೂನ ಓಡು ನಮ್ಮವ್ವ," ಎಂದು ಕಾಕಾ ಗೆರೆಗೆ ಹೇಳಿದರು. "ಕಬ್ಬು ಕಾಯಾಕತ್ತೈತಿ."

ಗೆರೆ ದಡ ಮುಟ್ಟಿತು. ಪರದೆ ಬೆಳಗಿತು. ಹೆಂಡತಿ ಕೀಲಿಗಳ ಮೇಲಿಂದ ನನ್ನ ಬೆರಳುಗಳನ್ನು ತಾನೇ ಎತ್ತಿ ತೆಗೆದಳು, ನಾನು ಮರೆತಿದ್ದೆ. ಎಷ್ಟೋ ತರಗತಿಗಳನ್ನು ಪಾಸು ಮಾಡಿಸಿದ್ದೇನೆ, ಎದೆ ಇಷ್ಟು ಉಬ್ಬಿದ್ದಿಲ್ಲ. ಆಕೆಯ ಬಗ್ಗೆ ಒಂದು ಪಾಲು, ಈ ಹೊಲದವರ ಬಗ್ಗೆ ಒಂದು ಪಾಲು. ಕೀಲಿ ಒತ್ತಿದ ಬೆರಳುಗಳಿಗೂ ಒಂದಿಷ್ಟು, ಸುಳ್ಳು ಯಾಕೆ ಹೇಳಲಿ.

"ನಾಳಿನೂ ಬಂದ್ ಇಡತೇವಿ, ವೈನಿ," ಎಂದರು ಚಾಚಾ. "ನೀವು ಬರೀರಿ."

ಮರುದಿನ ಮಧ್ಯಾಹ್ನ ಪರೀಕ್ಷೆ ಮುಗಿಯುವವರೆಗೆ ಒಂದು ಪಂಪೂ ಚಾಲೂ ಆಗಲಿಲ್ಲ. ಆಕೆ ಎರಡನೇ ದರ್ಜೆಯಲ್ಲಿ ಪಾಸಾದಳು.